ಹದಿನೈದನೆಯ ವಿದ್ಯಾರ್ಥಿ
ಯಲ್ಲಾಪುರದ ಕಾಲೇಜೊಂದರಲ್ಲಿ ಪರಿಮಳಾ ಮೇಡಂ ಹದಿನಾರು ವರ್ಷದಿಂದ ಅತಿಥಿ ಉಪನ್ಯಾಸಕಿ. ಇಷ್ಟು ಕಾಲ ಠಿಕಾಣಿ ಹೂಡಿದ ಅತಿಥಿಯನ್ನು ಯಾವ ಮನೆಯವರೂ ಕಂಡಿರಲಿಕ್ಕಿಲ್ಲ. ಇತಿಹಾಸಕ್ಕೆ ಹದಿನೈದು ಮಕ್ಕಳು ಸೇರದಿದ್ದರೆ ಆ ವರ್ಷ ಪಾಠವೂ ಇಲ್ಲ, ಪಗಾರವೂ ಇಲ್ಲ. ಹಾಗಾಗಿ ಪಿಯುಸಿ ರಿಸಲ್ಟ್ ಬಂದದ್ದೇ ತಡ, ಸ್ಕೂಟಿ ಹತ್ತಿ, ಮತ ಕೇಳುವವರ ಹಾಗೆ ಉಮ್ಮಚಗಿ ಕಡೆಯ ಮನೆಮನೆ ತಿರುಗುತ್ತಾರೆ. "ಇತಿಹಾಸ ಓದಿದವ್ರು ಕೆಟ್ಟದ್ದುಂಟಾ?" ಎಂಬುದು ಅವರ ಖಾಯಂ ಮಾತು, ಅವರ ಪಾಲಿಗೆ ಖಾಯಂ ಆದದ್ದು ಅದೊಂದೇ. "ನೀವೂ ಅದನ್ನೇ ಓದಿದ್ರಲ್ರಾ ಮೇಡಂ, ಎಂತ ಆತು?" ಎಂದು ಅಲ್ಲಿನ ಮನೆಯೊಂದರ ಯಜಮಾನ ಕೆರಿಯಪ್ಪ ಚುಚ್ಚಿದರೆ ನಗುತ್ತಾರೆ, ಚಹಾ ಕುಡಿಯುತ್ತಾರೆ, ಜಗಲಿ ಬಿಟ್ಟು ಮಾತ್ರ ಏಳುವುದಿಲ್ಲ. ಈ ಸಲ ಲೆಕ್ಕ ಹದಿನಾಲ್ಕಕ್ಕೇ ನಿಂತಿತು. ಊಟಕ್ಕೆ ಕೂತ ಮಗಳು ಅಭಿಜ್ಞಾ, "ಆಯಿ, ಆನೇ ಸೇರ್ತೆ. ಹದಿನೈದು ಆಗೋಗ್ತು" ಎಂದು ತಾನೇ ಸೇರಲು ಹೊರಟಳು. ಮೇಡಂ ಉರಿದುಬಿದ್ದರು. "ಸುಮ್ನಿರು ಕೂಸೇ. ನೀ ನರ್ಸಿಂಗಿಗೆ ಹೋಗು. ಇತಿಹಾಸ ಓದಿ ಎಂತ ತಿಂತೆ?" ಮರುದಿನ ಕೆರಿಯಪ್ಪನ ಮೊಮ್ಮಗಳು ರಕ್ಷಿತಾಳನ್ನು ಹೇಗೋ ಒಪ್ಪಿಸಿ, ಅವಳ ಅರ್ಜಿಯನ್ನು ತಾವೇ ತುಂಬತೊಡಗಿದರು. ಹುಡುಗಿಗೆ ಖುಷಿಯೋ ಖುಷಿ. "ಮೇಡಂ, ಅಭಿಜ್ಞಾನೂ ನಮ್ ಕ್ಲಾಸಿಗೇ ಬರ್ತಾಳಲಾ?" ಎಂದು ಕೇಳಿದಳು. ಮೇಡಂ ರಕ್ಷಿತಾಳ ಫೋಟೋದ ಬೆನ್ನಿಗೆ ಗೋಂದು ಹಚ್ಚುತ್ತಲೇ ಇದ್ದರು.