ಮುಳ್ಳನ್ನು ನಂಬಿ ಆಡಿದ ಮಾತು

ಯುದ್ಧದ ಕಾಲ ಅದು. ಪೆಟ್ರೋಲು ಕೂಪನ್ನಿಗೆ ಮಾತ್ರ ಸಿಗುತ್ತಿತ್ತು. ಕಂಪ್ಲಿಯ ನಮ್ಮ ಅಕ್ಕಿ ಗಿರಣಿಗೆ ಅಪ್ಪ ಕೊಂಡಿದ್ದ ಹಳೆಯ ಕಾರೊಂದಿತ್ತು. ಅದನ್ನು ಓಡಿಸುತ್ತಿದ್ದ ಡ್ರೈವರು ಮೆಟ್ರಿಯವನು, ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ನನಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವನೂ ಅವನೇ.

ಒಂದು ಬೆಳಿಗ್ಗೆ ಅವನು ಹೊಸಪೇಟೆಗೆ ಹೋಗಿ ಟ್ಯಾಂಕು ತುಂಬಿಸಿಕೊಂಡು ಬಂದ. ಎಂಜಿನ್ ಇನ್ನೂ ಚಾಲೂ ಇತ್ತು. ಇಣುಕಿ ನೋಡಿದೆ. ಪೆಟ್ರೋಲು ತೋರಿಸುವ ಮುಳ್ಳು ಕಾಲು ಭಾಗಕ್ಕೂ ಕೆಳಗಿತ್ತು.

ಅಂಗಳದಲ್ಲಿ ಭತ್ತ ಹರವುತ್ತಿದ್ದ ಹೆಂಗಸರು, ಹಮಾಲರು ಎಲ್ಲ ಇದ್ದರು. ಅವರ ಮುಂದೆಯೇ ಕೇಳಿದೆ: “ಪೆಟ್ರೋಲ್ ಎಲ್ಲಿ ಮಾರಿದಿ?”

“ಟ್ಯಾಂಕಿಗೆ ಕೋಲು ಬಿಟ್ಟು ನೋಡ್ರಿ, ಸಣ್ಣ ಧಣಿ,” ಎಂದ.

“ಕೋಲು ಯಾಕ? ಮುಳ್ಳೇ ಹೇಳಾಕತ್ತೈತಲ್ಲ!”

ಅವನು ಎಂಜಿನ್ ನಿಲ್ಲಿಸಿ, ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು, ನಡೆದೇ ಮೆಟ್ರಿಯ ದಾರಿ ಹಿಡಿದ.

ಮರುದಿನ ನಾನೇ ಕಾರು ತೆಗೆದೆ. ಹಂಪಿಯ ಹತ್ತಿರ ಮುಳ್ಳು ಪೂರ್ತಿ ಕೆಳಗಿಳಿಯಿತು. ಕಾರು ಮಾತ್ರ ನಿಲ್ಲಲಿಲ್ಲ. ಹೊಸಪೇಟೆ ಮುಟ್ಟಿತು, ತಿರುಗಿ ಕಂಪ್ಲಿಗೂ ಬಂತು. ಆಗ ಕೋಲು ಇಳಿಬಿಟ್ಟೆ. ಅರ್ಧಕ್ಕಿಂತ ಮೇಲೆ ಒದ್ದೆಯಾಗಿತ್ತು.

ಟ್ಯಾಂಕಿನ ಮೇಲಿನ ತಿರುಪುಗಳನ್ನು ಬಿಚ್ಚಿದೆ. ಪೆಟ್ರೋಲಿನ ಮೇಲೆ ತೇಲುತ್ತ ಮುಳ್ಳನ್ನು ಆಡಿಸಬೇಕಾದ ಹಿತ್ತಾಳೆಯ ಬುರುಡೆಯನ್ನು ಹೊರತೆಗೆದು ಅಲ್ಲಾಡಿಸಿದರೆ ಒಳಗೆ ಪೆಟ್ರೋಲು ಕುಲುಕಿತು. ಬೆಸುಗೆ ಬಿರುಕು ಬಿಟ್ಟು, ಒಳಗೆ ತುಂಬಿಕೊಂಡು, ಬುರುಡೆ ಮುಳುಗಿಹೋಗಿತ್ತು. ಮಧ್ಯಾಹ್ನದ ಊಟ ಸೇರಲಿಲ್ಲ. ಅಮ್ಮ ಕೇಳಿದಾಗ ತಲೆನೋವೆಂದು ಸುಳ್ಳು ಹೇಳಿದೆ.

ಸಂಜೆಗೆ ಮುಂಚೆ ಮೆಟ್ರಿಗೆ ಹೋದೆ. ಅವನು ಅಣ್ಣನ ಗದ್ದೆಯಲ್ಲಿ ಬದು ಕಟ್ಟುತ್ತಿದ್ದ.

“ಬುರುಡಿ ತೂತಾಗಿತ್ತು. ತಪ್ಪು ನಂದು. ವಾಪಸ್ ಬರ್ರಿ,” ಎಂದೆ. ಅವನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

ಅವನು ಸಲಿಕೆ ಊರಿ ನಿಂತ. “ನಾ ಕದ್ದಿಲ್ಲ ಅಂತ ನನಗ ಗೊತ್ತೈತಿ, ನನಗ್ಯಾಕ ಹೇಳ್ತೀರಿ? ಯಾರ ಮುಂದ ಅಂದ್ರಿ, ಅವರಿಗೆ ಹೇಳ್ರಿ.”

ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ನಿಂತು ಸಣ್ಣ ದನಿಯಲ್ಲಿ ಹೇಳಿದೆ. ಭತ್ತ ಕೇರುತ್ತಿದ್ದ ಮುದುಕಿಯೊಬ್ಬಳು ಮೊರ ನಿಲ್ಲಿಸಿ, “ಕೇಳವಲ್ದು, ಜೋರಾಗಿ ಹೇಳ್ರೀ,” ಎಂದಳು. “ಅವರು ಕದ್ದಿಲ್ಲ. ನಾ ಸುಳ್ಳು ಹೊರಿಸಿದ್ದೆ,” ಎಂದು ಮತ್ತೊಮ್ಮೆ ಕೂಗಿ ಹೇಳಿದೆ.

ಒಗೆದ ಅಂಗಿ ತೊಟ್ಟು ಅವನು ಗೇಟಿನ ಬಳಿ ನಿಂತು ಕೇಳಿಸಿಕೊಂಡ. ಅಪ್ಪ ಕೀಲಿ ಚಾಚಿದರು. “ಬ್ಯಾಡ್ರಿ, ದೊಡ್ಡ ಧಣಿ,” ಎಂದು ಕೈಮುಗಿದು ಹೊರಟ.

ಆಮೇಲೆ ಸಂಡೂರಿನಲ್ಲಿ ಲಾರಿ ಓಡಿಸತೊಡಗಿದ. ಹೊಸಪೇಟೆಯ ಪೇಟೆಯಲ್ಲಿ ಕಂಡಾಗಲೆಲ್ಲ ಲಾರಿ ನಿಲ್ಲಿಸಿ ಅಪ್ಪನ ಆರೋಗ್ಯ ವಿಚಾರಿಸುತ್ತಿದ್ದ. ನಾನು ಲಾರಿಯ ಗಾಲಿ ನೋಡುತ್ತ ಉತ್ತರ ಹೇಳುತ್ತಿದ್ದೆ.