ಕಾಂತಾ ಕಂಡ ಬಿಳಿ ಗೆರೆಗಳು

ಬೆಳಗಾವಿಯ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಕಾಂತಾ ಅಟೆಂಡರ್ ಆಗಿ ಬಂದು ಇಪ್ಪತ್ತೆರಡು ವರ್ಷ. ಊರು ಖಾನಾಪುರ ತಾಲೂಕಿನ ಬೀಡಿ ಗ್ರಾಮ. ಹತ್ತನೆಯ ತರಗತಿಯಲ್ಲಿ ವಿಜ್ಞಾನಕ್ಕೆ ಎಂಬತ್ತೊಂದು ಅಂಕ ಬಂದರೂ ಮುಂದೆ ಓದಿಸುವ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಈಗ ಮಸೂರ ಒರೆಸುತ್ತಾಳೆ, ಸುಟ್ಟ ಫ್ಯೂಜ್ ಬದಲಿಸುತ್ತಾಳೆ, ವೈರು ತಪ್ಪಾಗಿ ಜೋಡಿಸಿದವರನ್ನು ಗದರುತ್ತಾಳೆ. ಎಲ್ಲರಿಗೂ ಅವಳು ಕಾಂತಕ್ಕ.

ಕಳೆದ ವರ್ಷ ಭೌತಶಾಸ್ತ್ರ ಕಲಿಸುವ ಪಾರೀಸ ಸರ್ ಬಿ.ಎಸ್ಸಿ. ಕೊನೆಯ ವರ್ಷದವರಿಗೆ ಕಣಗಳ ಜಾಡನ್ನು ಕಣ್ಣಾರೆ ತೋರಿಸಲು ಹಟ ಹಿಡಿದರು. ಗಾಜಿನ ಮೀನಿನ ತೊಟ್ಟಿಯನ್ನು ತಗಡಿನ ಮೇಲೆ ಬೋರಲು ಹಾಕಿ, ಒಳಗೆ ಸ್ಪಿರಿಟ್ಟಿನಲ್ಲಿ ನೆನೆಸಿದ ಬಟ್ಟೆ ಅಂಟಿಸಿ, ತಗಡಿನ ಕೆಳಗೆ ಡ್ರೈ ಐಸ್ ಇಟ್ಟರು. ನಡುವೆ ಹಳೆಯ ಗ್ಯಾಸಬತ್ತಿಯೊಳಗೆ ಉರಿಯುವ ಬಲೆಯ, ಅಂದರೆ ಮ್ಯಾಂಟಲಿನ, ಚೂರು. ಅದರಲ್ಲಿರುವ ಥೋರಿಯಂನಿಂದ ಕಣಗಳು ಸಿಡಿಯುತ್ತಲೇ ಇರುತ್ತವೆ. ಅವು ಹಾದ ದಾರಿಯಲ್ಲಿ ಆವಿ ಹನಿಗಟ್ಟಿ ಬಿಳಿ ಗೆರೆ ಮೂಡಬೇಕು. ಎರಡು ದಿನ ನೋಡಿದರೂ ಬರೀ ಮಂಜು.

ಮೂರನೆಯ ದಿನ ಸರ್ ಕೈಚೆಲ್ಲಿ ಕೂತಾಗ ಕಾಂತಾ ತೊಟ್ಟಿಯ ಅಂಚಿನ ಸುತ್ತ ಬೆರಳಾಡಿಸಿದಳು.

"ಸರ, ಇಲ್ಲಿ ಸಂದಿ ಐತ್ರಿ. ಗಾಳಿ ಆಡಾಕತ್ತೈತಿ."

ಕ್ಯಾಂಟೀನಿಗೆ ಹೋಗಿ ಚಪಾತಿ ಹಿಟ್ಟಿನ ಮುದ್ದೆ ತಂದು ಸಂದಿಯನ್ನೆಲ್ಲ ಮೆತ್ತಿದಳು. ದೀಪ ಆರಿಸಿ, ಬಾಜೂದಿಂದ ಟಾರ್ಚ್ ಬಿಟ್ಟು ಕಾದರು. ಹತ್ತು ನಿಮಿಷಕ್ಕೆ ಮ್ಯಾಂಟಲಿನಿಂದ ಗಿಡ್ಡ, ದಪ್ಪ ಗೆರೆಗಳು ಚಿಮ್ಮತೊಡಗಿದವು.

"ಬಂತ್ರಿ! ಲಗೂನ ಬರ್ರಿ!" ಎಂದು ಅವಳು ಕೂಗಿದ್ದಕ್ಕೆ ಪಕ್ಕದ ತರಗತಿಯೂ ಓಡಿಬಂತು.

ಮಧ್ಯಾಹ್ನ ಸರ್ ಮ್ಯಾಂಟಲ್ ತೆಗೆಸಿ, ತೊಟ್ಟಿಯನ್ನು ಮತ್ತೆ ಮುಚ್ಚಿಸಿದರು. ಹುಡುಗರೆಲ್ಲ ಊಟಕ್ಕೆ ಹೋದರೂ ಕಾಂತಾ ಕದಲಲಿಲ್ಲ. ಆಗೊಮ್ಮೆ ಈಗೊಮ್ಮೆ ಕೂದಲೆಳೆಯಂಥ ನೀಳ ಗೆರೆ ಹಾಯುತ್ತಿತ್ತು.

"ಸರ, ಬತ್ತಿ ತಗದೇವಲ್ರಿ. ಮತ್ತ ಇದು ಎಲ್ಲಿಂದ ಬಂತು?"

ಸರ್ ಮುಖ ಅರಳಿತು. "ಇದನ್ನ ಯಾರರ ಕೇಳ್ತಾರೇನಂತ ಕಾಯಾಕತ್ತಿದ್ದೆ ನೋಡ್ರಿ! ಆಕಾಶದಿಂದ. ಮ್ಯಾಲ ಗಾಳ್ಯಾಗ ಹುಟ್ಟಿದ ಮ್ಯೂಯಾನ್ ಕಣ. ಮಾಳಿಗಿ ತೂರಿ, ನಮ್ಮ ಮೈ ತೂರಿ ಹೋಗತಾವ."

ಕಾಂತಾ ಅಂಗೈ ಚಾಚಿ ನೋಡಿಕೊಂಡಳು. "ನಮ್ಮೂರ ಬೀಡ್ಯಾಗೂ ಬೀಳತಾವ್ರೀ?"

"ಬೀಡ್ಯಾಗೂ ಬೀಳತಾವ, ಜಾಂಬೋಟಿ ಅಡವ್ಯಾಗೂ ಬೀಳತಾವ."

ಈ ವರ್ಷ ಹೊಸಬರಿಗೆ ಆ ತೊಟ್ಟಿ ತೋರಿಸುವ ಕೆಲಸವನ್ನು ಸರ್ ಅವಳಿಗೇ ಒಪ್ಪಿಸಿದರು. ಅವಳು ಸಂದಿಗೆ ಹಿಟ್ಟು ಮೆತ್ತಿ, ದೀಪ ಆರಿಸಿ, ಗೆರೆಗಳನ್ನು ಒಂದೊಂದಾಗಿ ತೋರಿಸಿದಳು. ಕೊನೆಗೆ ಖಾನಾಪುರದಿಂದ ಬಂದ ಸ್ನೇಹಲ ಎಂಬ ಹುಡುಗಿ ಎದ್ದು ನಿಂತು, ಆ ಮ್ಯೂಯಾನ್ ಎಷ್ಟು ಹೊತ್ತು ಬದುಕಿರುತ್ತದೆ ಎಂದು ಕೇಳಿದಳು.

"ನನಗೂ ಗೊತ್ತಿಲ್ಲ ತಂಗಿ," ಎಂದಳು ಕಾಂತಾ. "ನಡಿ, ಇಬ್ಬರೂ ಕೂಡಿ ಸರನ್ನ ಕೇಳೂಣು."