ಹಡಗಿನಲ್ಲೇ ಉಳಿದ ಎರಡು ದಿನ

ಅತ್ತೆ ತೀರಿಕೊಂಡ ಐದನೆಯ ತಿಂಗಳಿಗೆ ನಾನು ಮೊದಲ ಸಲ ಹಡಗು ಹತ್ತಿದೆ. ನನ್ನ ಗಂಡನದು ದಾವಣಗೆರೆಯಲ್ಲಿ ಪೈಪು, ನಲ್ಲಿ, ಮೋಟಾರು ಮಾರುವ ಅಂಗಡಿ. ಒಳ್ಳೆಯ ವ್ಯಾಪಾರ ಮಾಡಿದ ಡೀಲರುಗಳನ್ನು ಹೆಂಡತಿಯರ ಸಮೇತ ಕಂಪನಿಯವರು ಆ ವರ್ಷ ಹಡಗಿನ ಪ್ರವಾಸಕ್ಕೆ ಕರೆದರು. ಮುಂಬೈಯಲ್ಲಿ ಹತ್ತುವುದು, ಗೋವಾ, ಕೊಚ್ಚಿ ನೋಡಿ ಮತ್ತೆ ಮುಂಬೈಯಲ್ಲೇ ಇಳಿಯುವುದು. ನಮ್ಮೂರಿಂದ ಗೋವಾ ಒಂದು ರಾತ್ರಿಯ ಬಸ್ಸಿನ ದಾರಿ. ಅದನ್ನು ನೋಡಲು ಮುಂಬೈ ಸುತ್ತಿ ಹೋಗುತ್ತಾರಲ್ಲ ಎಂದು ನಿಟ್ಟುವಳ್ಳಿಯ ನಮ್ಮ ಓಣಿಯವರು ನಕ್ಕರು. ನಾನೂ ನಕ್ಕೆ. ಎಲ್ಲಿಗೂ ಹೋಗುವ ಮನಸ್ಸು ನನಗಿರಲಿಲ್ಲ. ಬೇಡ ಎಂದು ವಾದಿಸುವಷ್ಟು ತ್ರಾಣವೂ ಇರಲಿಲ್ಲ.

ಅತ್ತೆ ಆರು ವರ್ಷ ಹಾಸಿಗೆ ಹಿಡಿದಿದ್ದರು. ಬಲಗೈ, ಬಲಗಾಲಿಗೆ ಸ್ವಾಧೀನವಿರಲಿಲ್ಲ. ಮಾತೆಲ್ಲ ಹೋಗಿ "ಏಯ್" ಎನ್ನುವ ಒಂದು ಕೂಗು ಮಾತ್ರ ಉಳಿದಿತ್ತು. ನೀರು ಬೇಕೆಂದರೂ ಅದೇ, ಮಗ್ಗುಲು ಬದಲಿಸಬೇಕೆಂದರೂ ಅದೇ, ಸುಮ್ಮನೆ ಬೇಸರವಾದರೂ ಅದೇ. ಒಲೆಯ ಮುಂದಿರಲಿ, ಬಚ್ಚಲಲ್ಲಿರಲಿ, ನನ್ನ ಒಂದು ಕಿವಿ ಯಾವಾಗಲೂ ಆ ಕೋಣೆಯಲ್ಲಿರುತ್ತಿತ್ತು. ಅವರು ಹೋದ ಮೇಲೂ ಆ ಕಿವಿ ವಾಪಸು ಬರಲಿಲ್ಲ. ಕಣ್ಣಿಗೆ ನಿದ್ದೆ ಹತ್ತಿತು ಎನ್ನುವಷ್ಟರಲ್ಲಿ ಯಾರೋ ಕೂಗಿದಂತಾಗಿ ಎದ್ದು ಕೂರುತ್ತಿದ್ದೆ.

ಗೋವಾದಲ್ಲಿ ಹಡಗು ನಿಂತ ಬೆಳಿಗ್ಗೆ ಎಲ್ಲರೂ ಟೋಪಿ ಹಾಕಿಕೊಂಡು ಇಳಿಯಲು ತಯಾರಾದರು. ನಾನು ಮಂಚದಿಂದ ಏಳಲಿಲ್ಲ.

"ನಾ ಬರಲ್ಲ. ನೀವು ಹೋಗಿ ಬರ್ರಿ," ಎಂದೆ ಗಂಡನಿಗೆ.

"ಯಾಕ, ಹುಷಾರಿಲ್ಲೇನು?"

"ಹುಷಾರಾಗೇ ಅದೀನಿ. ಸುಸ್ತು, ಅಷ್ಟೇ."

"ಇಷ್ಟು ದೂರ ಬಂದು ರೂಮಿನಾಗ ಕೂತ್ರೆ ಜನ ಏನಂತಾರ? ಗಂಡ ಹೆಂಡ್ತಿ ಜಗಳ ಆಡ್ಯಾರ ಅಂತಾರ."

"ಅನ್ಲಿ ಬಿಡ್ರಿ."

ಅವರು ಬಾಗಿಲಲ್ಲಿ ಎರಡು ಸಲ ತಿರುಗಿ ನೋಡಿ ಹೋದರು. ಮುಖ ಸಣ್ಣದಾಗಿತ್ತು. ನಾನು ಪರದೆ ಎಳೆದು ಮಲಗಿದೆ. ನಿದ್ದೆ ಬರಲಿಲ್ಲ. ಹೊರಗೆ ಯಾರದೋ ಗಾಡಿ ಉರುಳಿದರೆ ಎದ್ದೆ, ಎಲ್ಲೋ ಬಾಗಿಲು ಬಡಿದರೆ ಎದ್ದೆ. ಕೋಣೆ ಚೊಕ್ಕ ಮಾಡುವವನು ಬಂದ. ನನ್ನ ವಯಸ್ಸಿನವನೇ ಇದ್ದ. ಅವನು ಹೊಸ ಚಾದರ ಹಾಸುವಾಗ ನಾನು ಈಚೆಯಿಂದ ಅಂಚು ಹಿಡಿದು, ಒಂದು ಸುಕ್ಕೂ ಉಳಿಯದ ಹಾಗೆ ಎಳೆದು ಹಾಸಿಗೆಯಡಿ ಸಿಕ್ಕಿಸಿದೆ. ಸುಕ್ಕು ಉಳಿದರೆ ಮಲಗಿದವರ ಬೆನ್ನು ಹುಣ್ಣಾಗುತ್ತದೆ. ಅವನು ಹಿಂದಿಯಲ್ಲಿ, "ನೀವು ಕೂತುಕೊಳ್ಳಿ ಮೇಡಂ, ಇದು ನನ್ನ ಕೆಲಸ," ಎಂದ. ಕೂತುಕೊಂಡೆ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಕೊಚ್ಚಿಯಲ್ಲೂ ನಾನು ಇಳಿಯಲಿಲ್ಲ. ಈ ಸಲ ಗಂಡ ಏನೂ ಕೇಳಲಿಲ್ಲ. ಅವರು ಹೋದ ಮೇಲೆ ಮೇಲಿನ ಅಂತಸ್ತಿಗೆ ಹೋದೆ. ಅಷ್ಟು ದೊಡ್ಡ ಹಡಗು ಹೆಚ್ಚುಕಡಿಮೆ ಖಾಲಿಯಾಗಿತ್ತು. ನೆರಳಿನಲ್ಲಿ ಸಾಲಾಗಿ ಹಾಕಿದ್ದ ಒರಗುಕುರ್ಚಿಗಳಲ್ಲಿ ಒಬ್ಬರೇ ಹೆಂಗಸು ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಹರಿಹರದ ಡೀಲರೊಬ್ಬರ ಹೆಂಡತಿ. ಮುಂಬೈಗೆ ಒಂದೇ ರೈಲಿನಲ್ಲಿ ಬಂದಿದ್ದೆವು, ಮಾತಾಡಿರಲಿಲ್ಲ.

"ಬಾ ತಂಗಿ, ಕೂಡು," ಎಂದರು. "ನಂದು ಮೊಣಕಾಲು. ನಿಂದೇನು?"

"ನಿದ್ದೆ ಇಲ್ಲಕ್ಕ."

ಅವರು ಪೊಟ್ಟಣ ಬಿಚ್ಚಿ ಎರಡು ಬಿಸ್ಕತ್ತು ಕೊಟ್ಟರು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಆಡಿ ಬೆಳೆದವರು. ನನ್ನ ಜೊತೆ ನಮ್ಮೂರಿನವರಂತೆಯೇ ಮಾತಾಡಿದರು. ಸುಮಾರು ಹೊತ್ತು ಬಂದರಿನ ಕ್ರೇನುಗಳನ್ನು ನೋಡುತ್ತ ಕೂತೆವು. ಆಮೇಲೆ, ಯಾರೂ ಕೇಳದಿದ್ದರೂ, ನಾನೇ ಹೇಳತೊಡಗಿದೆ.

ಅತ್ತೆ ತೀರಿಕೊಂಡ ದಿನ ಮಧ್ಯಾಹ್ನ ಅವರಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಬಿದ್ದುಕೊಂಡಿದ್ದೆ. ಎಷ್ಟೋ ತಿಂಗಳಿಂದ ಬಾರದಿದ್ದ ನಿದ್ದೆ ಬಂದುಬಿಟ್ಟಿತ್ತು. ಎದ್ದಾಗ ನಾಲ್ಕು ಗಂಟೆ. ಹೋಗಿ ನೋಡಿದರೆ ಅತ್ತೆಯ ಕೈ ತಣ್ಣಗಾಗಿತ್ತು. ಬಂದವರೆಲ್ಲ, ನಿದ್ದೆಯಲ್ಲೇ ಹೋದರು, ಪುಣ್ಯವಂತೆ ಎಂದರು. ನಿದ್ದೆಯಲ್ಲಿದ್ದವಳು ನಾನು. ಅದನ್ನು ಯಾರಿಗೂ ಹೇಳಿರಲಿಲ್ಲ.

"ಅವರು ಕೂಗಿದ್ರೋ ಏನೋ ಅಕ್ಕ," ಎಂದೆ.

ಇಲ್ಲ, ಕೂಗಿರುವುದಿಲ್ಲ ಬಿಡು ಎನ್ನುತ್ತಾರೆಂದು ಕಾದೆ. ಅವರು ಮೊಣಕಾಲು ನೀವುವುದನ್ನು ನಿಲ್ಲಿಸಿ, "ಕೂಗಿದ್ರೂ ಕೂಗಿರಬಹುದು," ಎಂದರು. "ಆರು ವರ್ಷ ಕೇಳಿಸ್ಕಂಡಿ. ಅವತ್ತು ಕೇಳ್ಲಿಲ್ಲ. ನೀನೂ ಮನುಷಾಳೇ ಅಲ್ವಾ?"

ಅಳು ಬರಲಿಲ್ಲ. ಮೈಯೆಲ್ಲ ಭಾರವಾಯಿತು.

"ಈಗ ಮಲ್ಕ. ನಾ ಇಲ್ಲೇ ಕೂತಿರ್ತೀನಿ. ಯಾರರ ಕರೆದ್ರೆ ಎಬ್ಬಿಸ್ತೀನಿ."

ಕಣ್ಣು ಬಿಟ್ಟಾಗ ಬಿಸಿಲು ಆಚೆ ಬದಿಗೆ ಸರಿದಿತ್ತು. ಅವರ ಓಢಣಿ ನನ್ನ ಕಾಲ ಮೇಲಿತ್ತು. ಅವರು ಕೂತಲ್ಲೇ ಕೂತಿದ್ದರು.

"ಎಬ್ಬಿಸಬಾರದಿತ್ತೇನಕ್ಕ? ಊಟ ಮುಗೀತೇನೋ."

"ಎರಡು ಸಲ ಮೈಕಿನಾಗ ಊಟಕ್ಕೆ ಕರೆದ್ರು. ನಿನ್ನ ಹೆಸರು ಹೇಳ್ಲಿಲ್ಲ. ಅದಕ್ಕೆ ಎಬ್ಬಿಸ್ಲಿಲ್ಲ."

ನನ್ನಿಂದಾಗಿ ಅವರೂ ಊಟ ಬಿಟ್ಟಿದ್ದರು.

ಸಂಜೆ ಗಂಡ ವಾಪಸು ಬಂದಾಗ, ಆ ಮಧ್ಯಾಹ್ನ ನಿದ್ದೆ ಹೋಗಿದ್ದನ್ನು ಅವರಿಗೂ ಹೇಳಿಬಿಟ್ಟೆ. ಅವರು ಒಂದು ಕಾಲಿನ ಶೂ ಬಿಚ್ಚಿ ಹಾಗೇ ಕೂತರು. ಬೈಯುತ್ತಾರೇನೋ ಎಂದು ನೋಡುತ್ತಿದ್ದೆ.

"ಅವತ್ತು ನೀ ಫೋನ್ ಮಾಡ್ದಾಗ," ಎಂದರು ಕೊನೆಗೆ, "ನಂಗೆ ಮೊದ್ಲು ಅಳು ಬರ್ಲಿಲ್ಲ. ಮುಗೀತಲ್ಲ ಅನ್ನಿಸ್ತು. ಹೆತ್ತ ಅವ್ವಂಗೆ ಹಂಗ ಅನ್ಕಂಡೆ. ಅದನ್ನ ಯಾರ ಮುಂದೆ ಹೇಳ್ಲಿ?"

ಹಡಗು ಹೊರಡುವ ತನಕ ಪಕ್ಕಪಕ್ಕದಲ್ಲೇ ಕೂತಿದ್ದೆವು.

ಊರಿಗೆ ಬಂದ ಮೇಲೆ, ತಲೆಯ ಕಡೆ ಎತ್ತಲು ಹಿಡಿಕೆಯಿದ್ದ ಅತ್ತೆಯ ಆಸ್ಪತ್ರೆ ಮಂಚವನ್ನು ಪಕ್ಕದ ಬಾತಿ ಊರಿನ ಒಂದು ಮನೆಗೆ ಕೊಟ್ಟೆವು. ಆ ಮನೆಯ ಹಿರಿಯರಿಗೆ ಲಕ್ವ ಹೊಡೆದಿತ್ತು. ನೋಡಿಕೊಳ್ಳುವ ಸೊಸೆಗೆ ಮೂವತ್ತೂ ಆಗಿರಲಿಲ್ಲ. ಹಿಡಿಕೆ ತಿರುಗಿಸುವುದು, ಚಾದರ ಎಳೆಯುವುದು, ಮಗ್ಗುಲು ಬದಲಿಸುವುದು ಎಲ್ಲ ತೋರಿಸಿದೆ. ಹೊರಡುವಾಗ, "ಮಧ್ಯಾಹ್ನ ಒಂದು ತಾಸು ಬೇರೆ ಯಾರನ್ನಾದ್ರೂ ಕೂರಿಸಿ ನೀ ಮಲ್ಕಬೇಕವ್ವ," ಎಂದೆ.

"ಯಾರು ಅದಾರಕ್ಕ ಇಲ್ಲಿ?" ಎಂದಳು. ದೂರಿನ ದನಿಯಲ್ಲ. ನನಗೆ ನಿಜವಾಗಿ ಗೊತ್ತಿರಬಹುದು ಎಂಬಂತೆ ಕೇಳಿದಳು.

ವಾರಕ್ಕೊಮ್ಮೆ ನಾನು ಬಂದು ಕೂರುತ್ತೇನೆ ಎಂದೆ. ಕೆಲವು ವಾರ ಹೋಗಿದ್ದೇನೆ. ಕೆಲವು ವಾರ ಮೈಯಲ್ಲಿ ಆಗುವುದಿಲ್ಲ.